ವಿದ್ಯುಚ್ಚೋರನೂ ವಿಚಾರಣೆಯೂ

ಲೋಕದಲ್ಲಿ ಒಂದು ಮಾತು ಬಹಳ ಸುಲಭವಾಗಿ ಹುಟ್ಟುತ್ತದೆ: ‘ತಪ್ಪು ಮಾಡದವನು ಏಕೆ ಓಡಿಹೋಗುತ್ತಾನೆ?’ ಅಷ್ಟೇ ಸುಲಭವಾಗಿ ಅದರ ಎದುರು ಮಾತೂ ಹುಟ್ಟುತ್ತದೆ: ‘ಬಾಕಿ ವಸೂಲಾಯಿತಲ್ಲ, ಇನ್ನು ಕೇಳುವುದೇನಿದೆ?’ ಬಸದಿಯ ಜಗಲಿಯಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ, ಮದುವೆಮನೆಯ ಪಂಕ್ತಿಯಲ್ಲಿ ಈ ಎರಡೂ ಮಾತುಗಳು ಕಿವಿಗೆ ಬೀಳುತ್ತವೆ. ಮೊದಲನೆಯದು ಗೈರುಹಾಜರಿಯನ್ನೇ ಸಾಕ್ಷಿಯೆಂದು ಎಣಿಸುತ್ತದೆ. ಎರಡನೆಯದು ಹಣವನ್ನೇ ಉತ್ತರವೆಂದು ಎಣಿಸುತ್ತದೆ. ಇವೆರಡೂ ವಿವೇಕಿಯಾದ ಶ್ರಾವಕನಿಗೆ ತಕ್ಕ ಮಾತುಗಳಲ್ಲವೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ಪ್ರಸಕ್ತಿ ಒದಗಿಸಿದುದು 2025ರ ಜೂನ್ ತಿಂಗಳಲ್ಲಿ ಪ್ರಸಾರವಾದ ಒಂದು ಸಂದರ್ಶನ. ರಾಜ್ ಶಮಾನಿ ಎಂಬ ತರುಣ ಸಂದರ್ಶಕರು ಉದ್ಯಮಿ ವಿಜಯ ಮಲ್ಯರೊಡನೆ ನಡೆಸಿದ, ನಾಲ್ಕು ಗಂಟೆಗಳಷ್ಟು ದೀರ್ಘವಾದ ಪಾಡ್‌ಕಾಸ್ಟ್ ಅದು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದುಡಿಯುವ ನಮ್ಮ ಮಕ್ಕಳು ಅದನ್ನು ಮೊಬೈಲಿನಲ್ಲಿ ಕೇಳಿ ಮನೆಯ ಹಿರಿಯರಿಗೂ ಕಳುಹಿಸಿದರು. ಕೇಳಿದವರಲ್ಲಿ ಹಲವರ ಅಭಿಪ್ರಾಯ ಒಂದೇ ಸಂಜೆಯಲ್ಲಿ ಬದಲಾಯಿತು. ಒಂದು ಸಂಭಾಷಣೆಗೆ ಅಷ್ಟು ಶಕ್ತಿಯಿದ್ದರೆ, ಅದನ್ನು ಒಂದು ಕೃತಿಯೆಂದು ಭಾವಿಸಿ ವಿಮರ್ಶಿಸುವುದು ಉಚಿತವೇ ಆಗಿದೆ.

ಮೊದಲು ಸಂಗತಿಗಳನ್ನು ನೆನಪಿಸಿಕೊಳ್ಳೋಣ. ಬೆಂಗಳೂರಿನ ಯುಬಿ ಸಮೂಹದ ಒಡೆಯರಾಗಿದ್ದ ಮಲ್ಯ ಅವರು 2002ರಲ್ಲಿಯೂ 2010ರಲ್ಲಿಯೂ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದವರು. 2005ರಲ್ಲಿ ಹಾರಾಟ ಆರಂಭಿಸಿದ ಅವರ ಕಿಂಗ್‌ಫಿಷರ್ ಏರ್‌ಲೈನ್ಸ್, ಬೆಂಗಳೂರಿನದೇ ಆದ ಏರ್ ಡೆಕ್ಕನ್ ಸಂಸ್ಥೆಯನ್ನು ತನ್ನೊಳಗೆ ಸೇರಿಸಿಕೊಂಡು, ನಷ್ಟದ ಮೇಲೆ ನಷ್ಟ ಹೊತ್ತು, 2012ರ ಅಕ್ಟೋಬರಿನಲ್ಲಿ ನಿಂತುಹೋಯಿತು. ಐಡಿಬಿಐ ಬ್ಯಾಂಕು 2009ರಲ್ಲಿ ನೀಡಿದ 900 ಕೋಟಿ ರೂಪಾಯಿ ಸಾಲದ ಬಗ್ಗೆ ಸಿಬಿಐ 2015ರಲ್ಲಿ ಪ್ರಕರಣ ದಾಖಲಿಸಿತು. 2016ರ ಮಾರ್ಚ್ 2ರಂದು ಮಲ್ಯ ಅವರು ದೇಶ ಬಿಟ್ಟರು. ಜಾರಿ ನಿರ್ದೇಶನಾಲಯ ಒಂದರ ಹಿಂದೊಂದು ಸಮನ್ಸ್ ಕಳುಹಿಸಿತು; ಅವರು ಪ್ರತಿಸಲವೂ ಕಾಲಾವಕಾಶ ಕೇಳಿದರು. ಏಪ್ರಿಲ್‌ನಲ್ಲಿ ಪಾಸ್‌ಪೋರ್ಟ್ ರದ್ದಾಯಿತು. 2018ರ ಡಿಸೆಂಬರ್ 10ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ನ್ಯಾಯಾಲಯ, ಅವರು ಉತ್ತರಿಸಬೇಕಾದ ಪ್ರಕರಣವೊಂದು ಮೇಲ್ನೋಟಕ್ಕೆ ಇದೆಯೆಂದು ತೀರ್ಮಾನಿಸಿತು. 2019ರ ಜನವರಿ 5ರಂದು ಮುಂಬಯಿಯ ವಿಶೇಷ ನ್ಯಾಯಾಲಯವು, 2018ರ ಹೊಸ ಕಾಯಿದೆಯಡಿ, ಅವರನ್ನು ದೇಶಭ್ರಷ್ಟ ಆರ್ಥಿಕ ಅಪರಾಧಿಯೆಂದು ಘೋಷಿಸಿತು. ಈ ಕಾಯಿದೆಯಡಿ ಹಾಗೆ ಹೆಸರಿಸಲ್ಪಟ್ಟ ಮೊದಲಿಗರು ಅವರೇ. ಗಡೀಪಾರಿನ ವಿರುದ್ಧದ ಅವರ ಮೇಲ್ಮನವಿ 2020ರ ಏಪ್ರಿಲ್‌ನಲ್ಲಿ ಲಂಡನ್ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಆ ಬಳಿಕ ಗೋಪ್ಯವಾದೊಂದು ಕಾನೂನು ವಿಷಯ ಇತ್ಯರ್ಥವಾಗಬೇಕೆಂಬ ಕಾರಣ ಮುಂದೆ ಬಂದು, ಒಪ್ಪಿಸುವಿಕೆ ನಿಂತಲ್ಲೇ ನಿಂತಿತು.

ಸಂದರ್ಶನದಲ್ಲಿ ಮಲ್ಯ ಅವರು ಹೇಳಿದುದರ ಸಾರ ಇಷ್ಟು. ತಾವು ಓಡಿಹೋಗಲಿಲ್ಲ, ಮೊದಲೇ ಗೊತ್ತಾಗಿದ್ದ ಪ್ರಯಾಣಕ್ಕೆ ಹೋದವರು. ಹಿಂದಿರುಗಲಿಲ್ಲವಾದ್ದರಿಂದ ದೇಶಭ್ರಷ್ಟನೆಂದು ಬೇಕಾದರೆ ಕರೆಯಿರಿ, ಆದರೆ ಕಳ್ಳನೆನ್ನಲು ಆಧಾರವೇನು. ಬ್ಯಾಂಕುಗಳು ಕೊಡಬೇಕಾದುದಕ್ಕಿಂತ ಹೆಚ್ಚನ್ನೇ ವಸೂಲು ಮಾಡಿವೆ. ನ್ಯಾಯವಾದ ವಿಚಾರಣೆಯೂ ಗೌರವದ ಬದುಕೂ ದೊರೆಯುವುದೆಂಬ ಭರವಸೆ ಸಿಕ್ಕಿದರೆ ಮರಳುವ ಬಗ್ಗೆ ಯೋಚಿಸುವೆ. ವಿಮಾನ ಸಂಸ್ಥೆಯ ನೌಕರರಿಗೆ ಸಂಬಳ ಬಾಕಿ ಉಳಿದುದಕ್ಕೆ ಅವರು ಕ್ಷಮೆಯನ್ನೂ ಕೇಳಿದರು. ಈ ಮಾತುಗಳಲ್ಲಿ ತಳ್ಳಿಹಾಕುವಂಥವು ಎಲ್ಲವೂ ಅಲ್ಲ. ‘ಕಳ್ಳ’ ಎಂಬ ಶಬ್ದದ ಬಗೆಗಿನ ಅವರ ಆಕ್ಷೇಪವನ್ನು ನಾವು ಮೊದಲು ಗಂಭೀರವಾಗಿ ಪರಿಗಣಿಸಬೇಕು.

ನಮ್ಮ ಕಾನೂನು ಈ ವಿಷಯದಲ್ಲಿ ಜನರ ನಾಲಗೆಗಿಂತ ಸಂಯಮಿ. ಆರೋಪಿಯ ತಲೆತಪ್ಪಿಸಿಕೊಳ್ಳುವಿಕೆಯನ್ನು ಗಮನಿಸಬಹುದಾದ ಒಂದು ಸಂಗತಿಯೆಂದು 1872ರ ಸಾಕ್ಷ್ಯ ಅಧಿನಿಯಮದ 8ನೆಯ ಕಲಂ ಹೇಳಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಇದನ್ನು ಉಳಿಸಿಕೊಂಡಿದೆ. ಗಮನಿಸಬಹುದು, ಅಷ್ಟೆ, ಅದರಿಂದಲೇ ಅಪರಾಧ ಸಿದ್ಧವಾಗದು. ನಿರಪರಾಧಿಯೂ ದೊಡ್ಡ ಆರೋಪ ಬಂದಾಗ ಹೆದರಿ ಮರೆಯಾಗಬಹುದು, ಆತ್ಮರಕ್ಷಣೆಯ ಸಹಜ ಪ್ರವೃತ್ತಿ ಅದು ಎಂಬ ಭಾವವನ್ನು ಸುಪ್ರೀಂ ಕೋರ್ಟು 1971ರಲ್ಲಿ, ಉತ್ತರ ಪ್ರದೇಶದ ಮಾತ್ರು ಎಂಬುವನ ಪ್ರಕರಣದಲ್ಲಿ, ಸ್ಪಷ್ಟಪಡಿಸಿತು. ಇನ್ನೊಂದು ತೀರ್ಪಿನ ಹೆಸರಿನಲ್ಲಿಯೇ ನಮ್ಮ ರಾಜ್ಯವಿದೆ: 2010ರ ಮೇ 5ರ ಸೆಲ್ವಿ ಮತ್ತು ಕರ್ನಾಟಕ ರಾಜ್ಯ ಪ್ರಕರಣ. ಆರೋಪಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆಗಳನ್ನು ನಡೆಸಕೂಡದೆಂದು ನ್ಯಾಯಾಲಯ ಅಲ್ಲಿ ವಿಧಿಸಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗದಿರುವ ಹಕ್ಕು ಸಂವಿಧಾನದ 20ನೆಯ ವಿಧಿಯಲ್ಲಿದೆ. ಆದುದರಿಂದ ಮೌನವನ್ನು ತಪ್ಪೊಪ್ಪಿಗೆಯೆಂದು ಓದುವಂತಿಲ್ಲ.

ಧರ್ಮವೂ ಇದನ್ನೇ ಹೇಳುತ್ತದೆ. ಸಿದ್ಧವಾಗದ ದೋಷವನ್ನು ಮತ್ತೊಬ್ಬರ ಮೇಲೆ ಹೊರಿಸುವುದಕ್ಕೆ ‘ಅಭ್ಯಾಖ್ಯಾನ’ವೆಂದು ಹೆಸರು, ಅದು ನುಡಿಯ ಪಾಪಗಳಲ್ಲಿ ಒಂದು. ಹೊರಿಸಿದವನಿಗೆ ಒಂದು ಕ್ಷಣದ ಹರಟೆ; ಹೊತ್ತವನ ಮನೆಯ ಮಕ್ಕಳಿಗೆ ಅದು ಹತ್ತು ವರ್ಷದ ತಲೆತಗ್ಗಿಸುವಿಕೆ.

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಕಬ್ಬಿಣದ ವ್ಯಾಪಾರ ಮಾಡುವವರಿಗೆ ಇದರ ಎರಡೂ ಮುಖಗಳು ಪರಿಚಿತ. ಲೇತ್ ಯಂತ್ರಗಳನ್ನಿಟ್ಟು ಬಿಡಿಭಾಗ ಮಾಡಿಕೊಡುತ್ತಿದ್ದ ಒಬ್ಬರಿಗೆ ದೊಡ್ಡ ಗಿರಾಕಿಯೊಬ್ಬನಿಂದ ಹಣ ಬರುವುದು ನಿಂತಿತು. ಒಂದು ಸೋಮವಾರ ಶೆಡ್ಡಿನ ಷಟರ್ ಎಳೆದಿತ್ತು, ಫೋನ್ ಬಂದ್. ಮಾಲು ಕೊಟ್ಟವರೆಲ್ಲ ‘ಮೋಸ’ ಎಂದರು. ಕೆಲವು ತಿಂಗಳ ಮೇಲೆ ಅವರು ತಾವಾಗಿ ಬಂದು, ಯಂತ್ರಗಳನ್ನು ಮಾರಿ, ಒಬ್ಬೊಬ್ಬರ ಬಾಕಿಯನ್ನೂ ತೀರಿಸಿದರು. ಅವರನ್ನು ಓಡಿಸಿದ್ದು ವಂಚನೆಯಲ್ಲ, ನಾಚಿಕೆ. ಅದೇ ರಸ್ತೆಯಲ್ಲಿ ಇನ್ನೊಬ್ಬರಿದ್ದರು. ಅವರು ಎಂದೂ ಓಡಲಿಲ್ಲ. ಸಾಲಗಾರ ಬಂದರೆ ಕಾಫಿ ತರಿಸುವರು; ಚೆಕ್ ಬೌನ್ಸ್ ಕೇಸಿನ ಪ್ರತಿ ವಾಯಿದೆಗೂ ತಪ್ಪದೆ ಕೋರ್ಟಿಗೆ ಹೋಗುವರು; ಕೇಳಿದ್ದಕ್ಕೆಲ್ಲ ನಗುತ್ತ ಉತ್ತರಿಸುವರು. ಆದರೆ ಅವರಲ್ಲಿ ಲೆಕ್ಕದ ಪುಸ್ತಕಗಳು ಎರಡಿದ್ದವು. ಹೋದವನು ಕಳ್ಳನಾಗಿರಲಿಲ್ಲ, ಕುಳಿತವನು ಸಾಚಾ ಆಗಿರಲಿಲ್ಲ.

ಹಾಗಾದರೆ ತಲೆಮರೆಸಿಕೊಂಡುದರಲ್ಲಿ ದೋಷವೇ ಇಲ್ಲವೆ? ಇದೆ, ಆದರೆ ಅದು ಬೇರೆ ಖಾತೆಯ ದೋಷ. ಆ ಮೊದಲನೆಯವರು ಮರೆಯಾಗಿದ್ದ ತಿಂಗಳುಗಳಲ್ಲಿ ಅವರ ನಾಲ್ವರು ಕೆಲಸಗಾರರಿಗೆ ಸಂಬಳವಿರಲಿಲ್ಲ. ಜಾಮೀನು ನಿಂತ ಭಾವಮೈದುನನ ಮನೆಬಾಗಿಲಿಗೆ ಸಾಲ ಕೊಟ್ಟವರು ದಿನವೂ ಬರುತ್ತಿದ್ದರು. ಉತ್ತರಿಸಬೇಕಾದವನು ಇಲ್ಲದಾಗ ಪ್ರಶ್ನೆ ಮಾಯವಾಗುವುದಿಲ್ಲ. ಅದು ಅಲ್ಲಿಯೇ ಉಳಿದವನ ಮೇಲೆ ಬೀಳುತ್ತದೆ. ಕಳವಿನ ಖಾತೆಯಲ್ಲಿ ಏನೂ ಬರೆಯಲಾಗದಿದ್ದರೂ ಈ ಖಾತೆಯಲ್ಲಿ ಖರ್ಚು ದಿನದಿನವೂ ಏರುತ್ತಿರುತ್ತದೆ. ಒಂದು ಖಾತೆಯ ಮೊತ್ತವನ್ನು ಇನ್ನೊಂದಕ್ಕೆ ಏರಿಸಕೂಡದೆಂಬುದು ಲೆಕ್ಕದ ಮೊದಲ ಪಾಠ.

ಈ ಭೇದವನ್ನು ನಮ್ಮ ಪೂರ್ವಿಕರು ಒಂದು ಕಥೆಯಲ್ಲಿ ಆಗಲೇ ಇಟ್ಟಿದ್ದಾರೆ. ಹತ್ತನೆಯ ಶತಮಾನದ ಶಿವಕೋಟ್ಯಾಚಾರ್ಯರ ವಡ್ಡಾರಾಧನೆಯ 19 ಕಥೆಗಳಲ್ಲಿ ವಿದ್ಯುಚ್ಚೋರ ರಿಸಿಯ ಕಥೆಯೂ ಒಂದು. ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ಈ ಗ್ರಂಥವನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ಎಷ್ಟೋ ಮನೆಗಳಲ್ಲಿ ಇದರ ಓದು ನಡೆದಿದೆ. ಹಗಲು ಕುಷ್ಠರೋಗಿಯಂತೆ ಬಿದ್ದಿದ್ದು ರಾತ್ರಿ ಕಳವು ಮಾಡುವ ವಿದ್ಯುಚ್ಚೋರನು ಮಿಥಿಲೆಯ ಅರಸನ ಹಾರವನ್ನು ಕದಿಯುತ್ತಾನೆ. ಕಳ್ಳನನ್ನು ಹಿಡಿಯದಿದ್ದರೆ ತಳವಾರ ಯಮದಂಡನ ತಲೆಗೆ ಅಪಾಯ. ಯಮದಂಡನು ಹಿಡಿದು ತರುತ್ತಾನೆ; ವಿದ್ಯುಚ್ಚೋರನು ತಾನು ಕಳ್ಳನಲ್ಲವೆನ್ನುತ್ತಾನೆ. ಬಗೆಬಗೆಯ ದಂಡನೆಗಳಾಗುತ್ತವೆ, ಆದರೂ ಬಾಯಿ ಬಿಡುವುದಿಲ್ಲ. ಕೊನೆಗೆ ಅರಸನು ಅಭಯವಿತ್ತು ಕೇಳಿದಾಗ, ಕಳ್ಳನು ತಾನೇ ಎಂದು ಒಪ್ಪಿಕೊಳ್ಳುತ್ತಾನೆ. ಅಷ್ಟು ನೋವನ್ನು ಹೇಗೆ ತಾಳಿದೆಯೆಂದರೆ, ಮುನಿಗಳಿಂದ ಕೇಳಿದ ನರಕದ ದುಃಖವನ್ನು ನೆನೆದು ತಾಳಿದೆನೆನ್ನುತ್ತಾನೆ. ಯಮದಂಡನು ತನ್ನ ಬಾಲ್ಯದ ಗೆಳೆಯ, ಅವನಿಗೆ ಕೇಡಾಗಬಾರದೆಂದು ಬೇಡುತ್ತಾನೆ. ಮುಂದೆ ಅವನೇ ರಾಜ್ಯಭೋಗಗಳನ್ನು ತೊರೆದು, ತಪಸ್ವಿಯಾಗಿ, ಘೋರವಾದ ಉಪಸರ್ಗವನ್ನು ಸಹಿಸಿ ಸದ್ಗತಿ ಪಡೆಯುತ್ತಾನೆ.

ಈ ಕಥೆಯನ್ನು ಸಾಮಾನ್ಯವಾಗಿ ಸಹನೆಯ ದೃಷ್ಟಾಂತವಾಗಿ ಓದುತ್ತೇವೆ; ಗ್ರಂಥದ ಉದ್ದೇಶವೂ ಅದೇ. ಆದರೆ ವಿಚಾರಣೆಯ ದೃಷ್ಟಿಯಿಂದ ಓದಿದರೆ ಮೂರು ಅಂಶಗಳು ಎದ್ದು ಕಾಣುತ್ತವೆ. ಒಂದು, ದಂಡನೆಯಿಂದ ಸತ್ಯ ಹೊರಬರಲಿಲ್ಲ, ಅಭಯದಿಂದ ಬಂದಿತು. 2010ರಲ್ಲಿ ಸುಪ್ರೀಂ ಕೋರ್ಟು ಆಡಿದ ಮಾತಿಗೆ ಸಾವಿರ ವರ್ಷದ ಹಿಂದಿನ ಕನ್ನಡದಲ್ಲಿ ಬೀಜವಿದೆ. ಎರಡು, ಅವನ ನಿರಾಕರಣೆ ನಿರಪರಾಧಕ್ಕೆ ಪ್ರಮಾಣವಾಗಿರಲಿಲ್ಲ; ನೋವನ್ನು ತಾಳುವ ಶಕ್ತಿಗೂ ಸತ್ಯಕ್ಕೂ ಸಂಬಂಧವಿರಲಿಲ್ಲ. ಮೂರು, ಅವನು ಅಭಯ ಪಡೆದುದು ಅರಸನ ಆಸ್ಥಾನದಲ್ಲಿ ನಿಂತು; ಅಭಯ ದೊರೆತೊಡನೆ ಅವನು ನೆನೆದುದು, ತನ್ನಿಂದಾಗಿ ಗಂಡಾಂತರಕ್ಕೆ ಸಿಲುಕಿದ್ದ ಮತ್ತೊಬ್ಬನನ್ನು.

ಮಲ್ಯ ಅವರ ಸಂದರ್ಶನವನ್ನು ಈ ಮೂರನೆಯ ಅಂಶದ ಪಕ್ಕದಲ್ಲಿಟ್ಟು ನೋಡಬೇಕು. ಅಭಯ ಕೇಳುವುದು ತಪ್ಪಲ್ಲ. ನ್ಯಾಯವಾದ ವಿಚಾರಣೆ ಬೇಕೆನ್ನುವುದು ಯಾವ ಆರೋಪಿಗೂ ಸಲ್ಲುವ ಬೇಡಿಕೆ. ಆದರೆ ಅಭಯದ ಪ್ರಶ್ನೆ ಒಮ್ಮೆ ವಿಚಾರಣೆಗೆ ಬಂದಿತ್ತು. ಮುಂಬಯಿಯ ಆರ್ಥರ್ ರೋಡ್ ಜೈಲಿನ 12ನೆಯ ಬ್ಯಾರಕ್ಕಿನ ವಿಡಿಯೋ ಚಿತ್ರಣವನ್ನು ಭಾರತ ಸರ್ಕಾರ ಲಂಡನ್ನಿನ ನ್ಯಾಯಾಲಯಕ್ಕೆ ಒಪ್ಪಿಸಿತು. ಅಲ್ಲಿನ ನ್ಯಾಯಾಧೀಶರು ಅದನ್ನು ಪರಿಶೀಲಿಸಿ, ಆ ಆಧಾರದ ಮೇಲೆ ಗಡೀಪಾರನ್ನು ತಡೆಯಬೇಕಿಲ್ಲವೆಂದರು. ಅವರೇ ಆಶ್ರಯಿಸಿದ ದೇಶದ ನ್ಯಾಯಾಲಯ ನೀಡಿದ ತೀರ್ಮಾನವಿದು. ಇದರ ಮೇಲೂ ಅಭಯ ಬೇಕೆಂದರೆ, ಯಾರು ಕೊಡುವ ಅಭಯ ಸಾಕಾದೀತು ಎಂಬ ಪ್ರಶ್ನೆಯನ್ನು ಸಂದರ್ಶಕರು ಪಟ್ಟುಹಿಡಿದು ಕೇಳಬೇಕಾಗಿತ್ತು.

ಇನ್ನು, ಅಲ್ಲಿಯೇ ಉಳಿದ ಯಮದಂಡರ ಮಾತು. 2017ರ ಜನವರಿಯಲ್ಲಿ ಸಿಬಿಐ ಐಡಿಬಿಐ ಬ್ಯಾಂಕಿನ ಮಾಜಿ ಅಧಿಕಾರಿಗಳನ್ನೂ ಕಿಂಗ್‌ಫಿಷರ್‌ನ ಹಣಕಾಸು ವಿಭಾಗದವರನ್ನೂ ಬಂಧಿಸಿತು. ಅವರು ದೋಷಿಗಳೋ ಅಲ್ಲವೋ ಎಂಬುದು ನ್ಯಾಯಾಲಯಕ್ಕೆ ಬಿಟ್ಟುದು. ಆದರೆ ಸಾಲ ಕೇಳಲು ನಿರ್ಧರಿಸಿದವರ ಬಾಯಿಂದ ಬರಬೇಕಾದ ಉತ್ತರಗಳನ್ನು ಕಡತಕ್ಕೆ ಸಹಿ ಹಾಕಿದವರು, ಲೆಕ್ಕ ಬರೆದವರು ಕೊಡಬೇಕಾಯಿತು. ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರು ಇನ್ನೊಂದು ಗುಂಪು. ಅವರಿಗೆ ಕ್ಷಮೆ ಕೇಳಿದುದು ಸಂದರ್ಶನದ ಒಳ್ಳೆಯ ಘಳಿಗೆ. ಆದರೆ ತಮ್ಮ ಗೈರುಹಾಜರಿಯಿಂದ ಕಟಕಟೆಯಲ್ಲಿ ಒಂಟಿಯಾಗಿ ನಿಂತವರ ಬಗ್ಗೆ ಆ ನಾಲ್ಕು ಗಂಟೆಗಳ ತೂಕ ಎಷ್ಟು ಬಾಗಿತು ಎಂದು ಕೇಳುಗರು ತಾವೇ ಅಳೆದು ನೋಡಲಿ.

ಮಾತನಾಡುವುದೇ ಉತ್ತರಿಸುವುದಲ್ಲವೆ ಎಂದು ಕೆಲವರು ಕೇಳಬಹುದು. ನಾಲ್ಕು ಗಂಟೆ ಮಾತನಾಡಿದವನನ್ನು ಪ್ರಶ್ನೆಯಿಂದ ತಪ್ಪಿಸಿಕೊಂಡವನೆನ್ನಲು ಹೇಗೆ ಸಾಧ್ಯ? ಇಲ್ಲಿ ನಮ್ಮ ಪ್ರಾಯಶ್ಚಿತ್ತ ಶಾಸ್ತ್ರ ಕೊಡುವ ಅಳತೆಗೋಲು ಅತಿ ಸೂಕ್ಷ್ಮವಾದುದು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಎಣಿಸಲಾದ ಒಂಬತ್ತು ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ಗುರುವಿನ ಮುಂದೆ ದೋಷವನ್ನು ನಿವೇದಿಸುವುದು. ಆ ನಿವೇದನೆಯಲ್ಲಿಯೂ ಹತ್ತು ದೋಷಗಳಿರಬಹುದೆಂದು ಭಗವತೀ ಆರಾಧನೆಯೇ ಮೊದಲಾದ ಗ್ರಂಥಗಳು ಎಚ್ಚರಿಸುತ್ತವೆ. ಗುರುವಿನ ಕನಿಕರವನ್ನು ಮೊದಲೇ ಸಂಪಾದಿಸಿಕೊಂಡು ಹೇಳುವುದು ಆಕಂಪಿತ. ಇತರರು ಈಗಾಗಲೇ ಕಂಡಿರುವುದನ್ನು ಮಾತ್ರ ಹೇಳಿ ಕಾಣದುದನ್ನು ಮುಚ್ಚುವುದು ದೃಷ್ಟ. ಗದ್ದಲದ ನಡುವೆ ಹೇಳುವುದು ಶಬ್ದಾಕುಲಿತ. ಒಬ್ಬ ಗುರುವಿನ ತೀರ್ಮಾನ ಒಪ್ಪದೆ ಹಲವರನ್ನು ಕೇಳುತ್ತ ಹೋಗುವುದು ಬಹುಜನ. ವಿಷಯ ತಿಳಿಯದ, ನಿರ್ಣಯಿಸುವ ಅಧಿಕಾರವಿಲ್ಲದವನ ಮುಂದೆ ಹೇಳುವುದು ಅವ್ಯಕ್ತ.

ಇವು ಮುನಿಗಳಿಗಾಗಿ ಹೇಳಿದ ನಿಯಮಗಳು. ಸಂಸಾರಿಯಾದ ಉದ್ಯಮಿಯನ್ನು ಇವುಗಳಿಂದ ದಂಡಿಸುವುದು ಸಲ್ಲದು. ಆದರೆ ಒಂದು ನಿವೇದನೆಯ ಗುಣವನ್ನು ತಿಳಿಯಲು ಇವು ಸಾಕು. ಈ ಸಂದರ್ಶನದಲ್ಲಿ ಒಪ್ಪಿಕೊಂಡುದೆಲ್ಲ ಲೋಕ ಮೊದಲೇ ಕಂಡುದು: ಮರಳಲಿಲ್ಲವೆಂಬುದು, ಸಂಬಳ ಬಾಕಿಯೆಂಬುದು. ಕೇಳುವವರ ಕೈಯಲ್ಲಿ ಕಡತವಿಲ್ಲ, ಪಾಟೀಸವಾಲು ಮಾಡುವ ಅಧಿಕಾರವಿಲ್ಲ. ಒಂದು ಉತ್ತರ ತಪ್ಪಾದರೆ ಹೇಳಿದವರಿಗೆ ನಷ್ಟವೂ ಇಲ್ಲ. ಲಂಡನ್ನಿನ ನ್ಯಾಯಾಲಯಗಳ ತೀರ್ಮಾನ ಒಪ್ಪಿಗೆಯಾಗದ ಮೇಲೆ ಲಕ್ಷಾಂತರ ಜನರ ಅಭಿಪ್ರಾಯವನ್ನು ಕೇಳಿದುದು ‘ಬಹುಜನ’ದ ತಕ್ಕ ಉದಾಹರಣೆ. ಸಂದರ್ಶನ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಿಜವೇ ಇರಬಹುದು. ಆದರೆ ಅದು ಉತ್ತರವಲ್ಲ. ಉತ್ತರವೆಂದರೆ ತಪ್ಪೆಂದು ತೀರ್ಮಾನಿಸಬಲ್ಲವರ ಮುಂದೆ ಆಡಿದ ಮಾತು.

ವಸೂಲಾತಿಯ ವಾದಕ್ಕೆ ಬರೋಣ. ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರ ಜನವರಿ 19ರಂದು ನಿಗದಿಪಡಿಸಿದುದು 6,203 ಕೋಟಿ ರೂಪಾಯಿ, ಅದರ ಮೇಲೆ ಶೇಕಡ 11.5ರ ಬಡ್ಡಿ. ಅವರ ಆಸ್ತಿಯಿಂದ 14,131.60 ಕೋಟಿ ರೂಪಾಯಿಯನ್ನು ಸರ್ಕಾರಿ ಬ್ಯಾಂಕುಗಳಿಗೆ ಮರಳಿಸಲಾಗಿದೆಯೆಂದು 2024ರ ಡಿಸೆಂಬರಿನಲ್ಲಿ ಹಣಕಾಸು ಸಚಿವರು ಲೋಕಸಭೆಯಲ್ಲಿ ತಿಳಿಸಿದರು. ಲೆಕ್ಕ ಕೊಡಿರೆಂದು ಮಲ್ಯ ಅವರು 2025ರಲ್ಲಿ ಕರ್ನಾಟಕ ಹೈಕೋರ್ಟಿಗೆ ಹೋದುದು ನ್ಯಾಯವೇ. ಕೊಟ್ಟವನಿಗೂ ಲೆಕ್ಕ ಕೇಳುವ ಹಕ್ಕುಂಟು. ಬ್ಯಾಂಕುಗಳು ಬಡ್ಡಿಯ ಹೆಸರಿನಲ್ಲಿ ಅದನ್ನು ಮಬ್ಬಾಗಿಡಬಾರದು. ಆದರೆ ಆರೋಪವಿರುವುದು ಹಣ ಮರಳಲಿಲ್ಲವೆಂದಷ್ಟೇ ಅಲ್ಲ. ಸಾಲ ಪಡೆಯುವಾಗ ಹೇಳಿದುದು ನಿಜವೆ, ಪಡೆದ ಹಣ ಹೇಳಿದ ಕೆಲಸಕ್ಕೇ ಹೋಯಿತೆ ಎಂದು. ಅಸ್ತೇಯವ್ರತದ ಪ್ರಶ್ನೆಯೂ ಅದೇ. ವಿದ್ಯುಚ್ಚೋರನು ಕದ್ದುದನ್ನು ಮರಳಿಸಿದ ಮಾತ್ರಕ್ಕೆ ಕದಿಯಲಿಲ್ಲವೆಂದಾಗಲಿಲ್ಲ. ಹಾರ ಮರಳಿದುದು ಬೇರೆ, ಮಾತು ಬಂದುದು ಬೇರೆ. ನಮ್ಮ ನ್ಯಾಯಾಲಯವೂ ಈ ಭೇದವನ್ನು ಮಾಡಿದೆ. ನ್ಯಾಯಾಲಯದ ಆದೇಶವನ್ನು ಮೀರಿ 4 ಕೋಟಿ ಡಾಲರನ್ನು ಮಕ್ಕಳಿಗೆ ವರ್ಗಾಯಿಸಿದ ವಿಷಯದಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಅವರನ್ನು ನ್ಯಾಯಾಂಗ ನಿಂದನೆಯ ದೋಷಿಯೆಂದಿತು. 2022ರ ಜುಲೈ 11ರಂದು ನಾಲ್ಕು ತಿಂಗಳ ಸೆರೆಯನ್ನೂ 2,000 ರೂಪಾಯಿ ದಂಡವನ್ನೂ ವಿಧಿಸಿತು. ಸಾಲದ ಮೊತ್ತದ ಮುಂದೆ 2,000 ರೂಪಾಯಿ ನಗೆ ತರಿಸಬಹುದು. ಆದರೆ ಆ ತೀರ್ಪು ಹಣದ್ದಲ್ಲ, ಕರೆದಾಗ ಬರಬೇಕಾದ, ಕೇಳಿದಾಗ ಹೇಳಬೇಕಾದ ಕರ್ತವ್ಯದ್ದು. ಅವರ ಮೇಲೆ ಈವರೆಗೆ ಸಿದ್ಧವಾದ ಈ ದೋಷ ಎರಡನೆಯ ಖಾತೆಯದೇ ಎಂಬುದು ಗಮನಾರ್ಹ.

ಆಳುವವರೂ ದೋಷಮುಕ್ತರಲ್ಲ. 2015ರ ಅಕ್ಟೋಬರಿನಲ್ಲಿ ಮಲ್ಯರನ್ನು ತಡೆಯಿರಿ ಎಂದಿದ್ದ ಸಿಬಿಐ ಸುತ್ತೋಲೆ, ಮುಂದಿನ ತಿಂಗಳೇ ಮಾಹಿತಿ ಕೊಡಿರಿ ಎಂಬಷ್ಟಕ್ಕೆ ಸಡಿಲವಾಯಿತು. ಬಾಗಿಲು ತೆರೆದಿಟ್ಟವರೇ ಹೋದವನನ್ನು ಮಾತ್ರ ದೂರಿದರೆ ತೂಕ ಸಮನಾಗದು. ತಳವಾರನ ಲೆಕ್ಕವನ್ನೂ ಕೇಳಬೇಕು.

ಈ ಚರ್ಚೆ ನಮ್ಮ ಕುಟುಂಬಗಳಿಗೂ ಬಸದಿಗಳ ಟ್ರಸ್ಟುಗಳಿಗೂ ಸಂಬಂಧಿಸಿದುದು. ಲೆಕ್ಕಪರಿಶೋಧಕರು ಪ್ರಶ್ನೆ ಕೇಳಿದ ವರ್ಷವೇ ಧರ್ಮದರ್ಶಿಯೊಬ್ಬರು ಸಭೆಗೆ ಬರುವುದನ್ನು ಬಿಟ್ಟರೆ ಏನು ಮಾಡಬೇಕು? ಅವರನ್ನು ಕಳ್ಳರೆಂದು ಪಿಸುಗುಟ್ಟುವುದು ಅಭ್ಯಾಖ್ಯಾನ. ‘ದೊಡ್ಡ ದಾನಿಗಳು, ಹೋಗಲಿ ಬಿಡಿ’ ಎನ್ನುವುದು ಪ್ರಶ್ನೆಯನ್ನು ಗುಮಾಸ್ತೆಯ ಮೇಲೂ ಅರ್ಚಕರ ಮೇಲೂ ಉರುಳಿಸುವುದು. ಮಾಡಬೇಕಾದ ಕೆಲಸ ಇವೆರಡರ ನಡುವೆ ಇದೆ: ಪ್ರಶ್ನೆಯನ್ನು ಬರಹದಲ್ಲಿ ಕೊಡುವುದು, ಉತ್ತರಕ್ಕೆ ದಿನ ಗೊತ್ತುಮಾಡುವುದು, ಸಭೆಯಲ್ಲಿ ಅವಮಾನವಾಗದೆಂಬ ಅಭಯವನ್ನು ಮೊದಲೇ ನೀಡುವುದು, ಉತ್ತರ ಬರುವವರೆಗೆ ಅವರ ಕೈಯಿಂದ ಕೀಲಿಕೈಯನ್ನೂ ಚೆಕ್ ಪುಸ್ತಕವನ್ನೂ ತೆಗೆದುಕೊಳ್ಳುವುದು. ಬರದಿದ್ದರೆ, ನಡಾವಳಿಯಲ್ಲಿ ‘ಉತ್ತರಿಸಲಿಲ್ಲ’ ಎಂದಷ್ಟೇ ಬರೆಯಬೇಕು, ‘ಕದ್ದರು’ ಎಂದಲ್ಲ. ಆ ಒಂದು ಶಬ್ದದ ಅಂತರವನ್ನು ಕಾಯ್ದುಕೊಳ್ಳುವ ಟ್ರಸ್ಟಿನಲ್ಲಿ ನಿರಪರಾಧಿಗೆ ಭಯವಿರುವುದಿಲ್ಲ, ಅಪರಾಧಿಗೆ ಮರೆಯಿರುವುದಿಲ್ಲ.